ಸಾಂಕ್ರಾಮಿಕದ ಕಾಲದಲ್ಲಿ ಸೋಲಾರ್ ಕರೆಂಟು, ಸೋಲಾರ್ ಬಿಸಿನೀರು: ಮೈಸೂರು–ಮಂಡ್ಯ ಭಾಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಜಿಲ್ಲೆಗಳಲ್ಲಿ ಮನೆ, ಹಾಸ್ಟೆಲ್, ಲಾಡ್ಜ್, ಸಣ್ಣ ನರ್ಸಿಂಗ್ ಹೋಮ್‌ಗಳಿಗೆ ಸೋಲಾರ್ ಹಾಕಿಸುವವರಿಗಾಗಿ ಈ ಪುಟ. ಕೋವಿಡ್ ಬಂದು 2020ರ ಮಾರ್ಚ್ 25ರಂದು ದೇಶಕ್ಕೆ ಬೀಗ ಬಿದ್ದಾಗಿನಿಂದ 2021ರ ಎರಡನೇ ಅಲೆ ಇಳಿಯುವವರೆಗೆ ಇಂಥ ಕೆಲಸಗಳು ಎಲ್ಲಿ ನಿಂತವು, ಏಕೆ ನಿಂತವು ಎಂಬುದನ್ನು ಮುಂದಿಟ್ಟುಕೊಂಡು ಉತ್ತರ ಬರೆದಿದ್ದೇವೆ. ಮುಂದೆ ಅಂಥದ್ದೇ ಇನ್ನೊಂದು ಬಂದರೂ ಲೆಕ್ಕ ಇದೇ.

ಪ್ರಶ್ನೆ: ರೋಗ ಹರಡುತ್ತಿರುವಾಗ ಈ ಕೆಲಸಕ್ಕೆ ಕೈ ಹಾಕಬಹುದೇ? ಎಲ್ಲ ಮುಗಿಯಲಿ ಎಂದು ಕಾಯುವುದು ಒಳ್ಳೆಯದಲ್ಲವೇ?

ಸೋಲಾರ್ ಎಂದರೆ ಒಂದೇ ಕೆಲಸವಲ್ಲ, ನಾಲ್ಕು. ಲೆಕ್ಕ ಮತ್ತು ಕಾಗದಪತ್ರ, ಸಾಮಾನು ತರಿಸುವುದು, ತಾರಸಿಯ ಮೇಲಿನ ಕೆಲಸ, ಮನೆಯೊಳಗಿನ ವೈರಿಂಗ್. ಕಾಗದದ ಕೆಲಸಕ್ಕೆ ಯಾರೂ ನಿಮ್ಮ ಹೊಸಿಲು ದಾಟಬೇಕಿಲ್ಲ. ತಾರಸಿ ಬಯಲು ಜಾಗ, ಗಾಳಿಯಲ್ಲಿ ಹರಡುವ ರೋಗಕ್ಕೆ ಅಲ್ಲಿ ಅಪಾಯ ಕಡಿಮೆ. ಒಳಗಿನ ಕೆಲಸ 3 ಕಿಲೋವ್ಯಾಟ್‌ನ ಮನೆಯಲ್ಲಿ ಅರ್ಧ ದಿನ ಹಿಡಿಯುತ್ತದೆ, ಅಷ್ಟೆ. ನಿಜವಾಗಿ ಕಾಯಿಸುವುದು ಸಾಮಾನು. ಹಾಗಾಗಿ ಕಾಗದದ ಕೆಲಸವನ್ನು ಇಂದೇ ಶುರು ಮಾಡಿ. ದೊಡ್ಡ ಮೊತ್ತದ ಮುಂಗಡವನ್ನು ಮಾತ್ರ ಪ್ಯಾನೆಲ್ ಮತ್ತು ಇನ್ವರ್ಟರ್ (ಪ್ಯಾನೆಲ್ಲಿನ ಡಿಸಿ ಕರೆಂಟನ್ನು ಮನೆಗೆ ಬೇಕಾದ ಎಸಿ ಮಾಡುವ ಪೆಟ್ಟಿಗೆ) ಊರಿನ ಗೋಡೌನಿಗೆ ಬಂದು, ಅವುಗಳ ಸೀರಿಯಲ್ ನಂಬರಿನ ಫೋಟೋ ನಿಮ್ಮ ಕೈ ಸೇರಿದ ಮೇಲೆ ಕೊಡಿ.

ಪ್ರಶ್ನೆ: ಎಷ್ಟು ಕಿಲೋವ್ಯಾಟ್ ಬೇಕು ಎಂದು ಹೇಗೆ ತೀರ್ಮಾನಿಸುವುದು? ಕರೆಂಟ್ ಬಿಲ್ ನೋಡಿದರೆ ಸಾಲದೇ?

ಸಾಲದು. ಸಾಂಕ್ರಾಮಿಕದ ಸಮಯದಲ್ಲಿ ಬಿಲ್ಲೇ ದಾರಿ ತಪ್ಪಿಸುತ್ತದೆ. ಎಲ್ಲರೂ ಮನೆಯಲ್ಲಿದ್ದ ತಿಂಗಳ ಬಿಲ್ ನೋಡಿ ಅಳತೆ ಮಾಡಿದರೆ ಹೆಚ್ಚಾಗುತ್ತದೆ, ಮನೆ ಬೀಗ ಹಾಕಿದ್ದ ತಿಂಗಳದ್ದಾದರೆ ಕಡಿಮೆಯಾಗುತ್ತದೆ. ಹನ್ನೆರಡು ತಿಂಗಳ ಬಿಲ್ ಒಟ್ಟಿಗೆ ಇಟ್ಟುಕೊಳ್ಳಿ. ಜೊತೆಗೆ ಒಂದು ಹಾಳೆಯಲ್ಲಿ ಮೂರು ಪಟ್ಟಿ ಮಾಡಿ.

ಮೊದಲನೆಯದು ನಿಲ್ಲಲೇಬಾರದ ಉಪಕರಣಗಳು: ಆಕ್ಸಿಜನ್ ಕಾನ್ಸಂಟ್ರೇಟರ್ (ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ರೋಗಿಗೆ ಕೊಡುವ ಯಂತ್ರ), ಇನ್ಸುಲಿನ್ ಇಟ್ಟ ಫ್ರಿಜ್, ವೈಫೈ ರೂಟರ್, ಎರಡು ಲೈಟು, ಒಂದು ಫ್ಯಾನು. ಎರಡನೆಯದು ಹಗಲಿಗೆ ತಳ್ಳಬಹುದಾದವು: ಸಂಪಿನ ಮೋಟಾರು, ವಾಷಿಂಗ್ ಮೆಷಿನ್, ಇಸ್ತ್ರಿ, ಮಿಕ್ಸಿ, ಗ್ರೈಂಡರ್. ಮೂರನೆಯದು ಬಿಸಿ ಮಾಡುವವು: ಗೀಸರ್, ಇಮ್ಮರ್ಷನ್ ರಾಡ್, ಇಂಡಕ್ಷನ್ ಒಲೆ.

ಮೊದಲ ಪಟ್ಟಿ ಬ್ಯಾಟರಿಯ ಅಳತೆ ಹೇಳುತ್ತದೆ, ಎರಡನೆಯದು ಪ್ಯಾನೆಲ್‌ನ ಅಳತೆ ಹೇಳುತ್ತದೆ. ಮೂರನೆಯದನ್ನು ಆದಷ್ಟೂ ಪ್ಯಾನೆಲ್ಲಿಗೆ ಹೊರಿಸಬೇಡಿ. ನೂರು ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 4 ಯೂನಿಟ್ ಬೇಕು. ನಮ್ಮ ಭಾಗದಲ್ಲಿ 1 ಕಿಲೋವ್ಯಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ಕೊಡುವುದೂ ಸುಮಾರು 4 ಯೂನಿಟ್ಟೇ. ಎಂದರೆ ಒಂದು ಸಣ್ಣ ಸಂಸಾರದ ಸ್ನಾನಕ್ಕೇ ಒಂದು ಕಿಲೋವ್ಯಾಟ್, ಸುಮಾರು 100 ಚದರಡಿ ತಾರಸಿ, ಹೋಯಿತು. ಅದೇ ಕೆಲಸವನ್ನು 2 ಚದರ ಮೀಟರಿನ ಒಂದು ಬಿಸಿನೀರು ಕಲೆಕ್ಟರ್ ಮಾಡಿಬಿಡುತ್ತದೆ. ಈ ಒಂದು ಲೆಕ್ಕ ಗೊತ್ತಿಲ್ಲದೆ 3 ಕಿಲೋವ್ಯಾಟ್ ಸಾಕಾಗುವ ಮನೆಗೆ 5 ಕಿಲೋವ್ಯಾಟ್ ಹಾಕಿಸಿಕೊಂಡವರು ಬಹಳ.

ಪ್ರಶ್ನೆ: ತಾರಸಿ ಮೇಲೆ ಸೋಲಾರ್ ಇದ್ದರೆ ಕರೆಂಟು ಹೋದಾಗಲೂ ಮನೆ ನಡೆಯುತ್ತದೆ, ಅಲ್ಲವೇ?

ಇಲ್ಲ. ಸಬ್ಸಿಡಿ, ನೆಟ್ ಮೀಟರ್ (ಲೈನಿನಿಂದ ಪಡೆದದ್ದು, ಲೈನಿಗೆ ಕಳಿಸಿದ್ದು ಎರಡನ್ನೂ ಓದುವ ಮೀಟರ್) ಎಂದು ಸಾಮಾನ್ಯವಾಗಿ ಹಾಕಿಸುವುದು ಬ್ಯಾಟರಿ ಇಲ್ಲದೆ ಲೈನಿಗೇ ಜೋಡಿಸಿದ ಆನ್‌ಗ್ರಿಡ್ ಸೋಲಾರ್. ಲೈನಿನಲ್ಲಿ ಕರೆಂಟು ಹೋದ ಕೂಡಲೇ ಅದು ತಾನಾಗಿಯೇ ನಿಲ್ಲುತ್ತದೆ, ನೆತ್ತಿಯ ಮೇಲೆ ಸೂರ್ಯ ಇದ್ದರೂ. ಇಲ್ಲವಾದರೆ ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮನೆಯ ಕರೆಂಟು ಹೊಡೆಯುತ್ತದೆ. ಕರೆಂಟು ಇಲ್ಲದಾಗಲೂ ಬೇಕು ಎಂದರೆ ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್ ಬೇಕು. ಅಥವಾ ಈಗಿರುವ ಮನೆಯ ಇನ್ವರ್ಟರ್–ಬ್ಯಾಟರಿಯನ್ನು ಮೊದಲ ಪಟ್ಟಿಗೆ ಮಾತ್ರ ಮೀಸಲಿಟ್ಟು, ಆನ್‌ಗ್ರಿಡ್ ಅನ್ನು ಬೇರೆಯೇ ಇಡಿ. ಎರಡನೆಯದು ಅಗ್ಗ, ಒಂದು ಕೆಟ್ಟರೂ ಇನ್ನೊಂದು ಇರುತ್ತದೆ. ಮನೆಗಳಿಗೆ ನಮ್ಮ ಮತ ಅದಕ್ಕೇ.

ಪ್ರಶ್ನೆ: ಮನೆಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್ ಇದೆ. ಎಷ್ಟು ಬ್ಯಾಟರಿ ಇಟ್ಟುಕೊಳ್ಳಬೇಕು?

5 ಲೀಟರಿನ ಯಂತ್ರ ಸುಮಾರು 350 ವ್ಯಾಟ್ ಎಳೆಯುತ್ತದೆ, 10 ಲೀಟರಿನದು 600ರ ಆಸುಪಾಸು. ನಿಮ್ಮ ಯಂತ್ರದ ಹಿಂಬದಿಯ ಚೀಟಿಯಲ್ಲಿ ಬರೆದಿರುತ್ತದೆ, ಅದನ್ನೇ ನಂಬಿ. 350 ವ್ಯಾಟ್ ಎಂದರೆ 24 ಗಂಟೆಗೆ 8.4 ಯೂನಿಟ್.

12 ವೋಲ್ಟ್ 150 ಆಂಪಿಯರ್ ಅವರ್ ಟ್ಯೂಬುಲರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1.8 ಯೂನಿಟ್ ಇರುತ್ತದೆ. ಅದನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡುತ್ತ ಹೋದರೆ ಆಯಸ್ಸು ಕಡಿಮೆಯಾಗುತ್ತದೆ. ಇನ್ವರ್ಟರ್ ತಾನೂ ಸ್ವಲ್ಪ ನುಂಗುತ್ತದೆ. ಕೊನೆಗೆ ಕೈಗೆ ಬರುವುದು ಮುಕ್ಕಾಲು ಯೂನಿಟ್, ಅಂದರೆ ಎರಡು ಗಂಟೆ ಚಿಲ್ಲರೆ. ಅಂಥ ನಾಲ್ಕು ಬ್ಯಾಟರಿ ಇಟ್ಟರೆ ಎಂಟೂವರೆ ಗಂಟೆ. 51.2 ವೋಲ್ಟ್ 100 ಆಂಪಿಯರ್ ಅವರ್ ಲಿಥಿಯಂ ಒಂದೇ ಸುಮಾರು ಹತ್ತು ಗಂಟೆ ನಡೆಸುತ್ತದೆ. ಬೆಲೆ ಹೆಚ್ಚು, ಆದರೆ ಡಿಸ್ಟಿಲ್ಡ್ ವಾಟರ್ ಹಾಕುವ ರಗಳೆ ಇಲ್ಲ.

ಇಲ್ಲಿ ಎರಡು ಕಡೆ ಎಡವುತ್ತಾರೆ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಿಗೆ ಯಂತ್ರ ಸಿಕ್ಕಿಸಿದರೆ ಕಂಪ್ರೆಸರ್ ಮೋಟಾರು ಕಾದು ಗುಂಯ್‌ಗುಡುತ್ತದೆ, ಕೊನೆಗೆ ಸುಡುತ್ತದೆ. ಪ್ಯೂರ್ ಸೈನ್ ವೇವ್ ಇನ್ವರ್ಟರೇ ಆಗಬೇಕು. ಇನ್ನೊಂದು, ಮೋಟಾರು ಶುರುವಾಗುವ ಕ್ಷಣದಲ್ಲಿ ಮಾಮೂಲಿಯ ಎರಡು ಮೂರು ಪಟ್ಟು ಕರೆಂಟು ಎಳೆಯುತ್ತದೆ. 350 ವ್ಯಾಟಿನ ಯಂತ್ರ ಎಂದು 600 ವಿಎ ಇನ್ವರ್ಟರ್ ಕೊಂಡರೆ ಕರೆಂಟು ಹೋದ ಆ ಗಳಿಗೆಯಲ್ಲೇ ಓವರ್‌ಲೋಡ್ ಎಂದು ಕೂಗಿ ನಿಲ್ಲುತ್ತದೆ. 1,500 ವಿಎಗೆ ಕಡಿಮೆ ಬೇಡ. ತಂದ ದಿನವೇ ಮೈನ್ ಸ್ವಿಚ್ ಇಳಿಸಿ ಪರೀಕ್ಷೆ ಮಾಡಿ.

ಏನೇ ಇರಲಿ, ಬ್ಯಾಟರಿಯೊಂದನ್ನೇ ನಂಬಿ ಕೂರಬೇಡಿ. 10 ಲೀಟರಿನ ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್ ಆಕ್ಸಿಜನ್ ಇರುತ್ತದೆ. ನಿಮಿಷಕ್ಕೆ 5 ಲೀಟರಿನಂತೆ 5 ಗಂಟೆ. 7,000 ಲೀಟರಿನ ಜಂಬೋ ಆದರೆ 23 ಗಂಟೆ. ನಿಮಿಷಕ್ಕೆ ಎಷ್ಟು ಲೀಟರ್ ಎಂಬುದನ್ನು ವೈದ್ಯರು ಹೇಳಬೇಕು, ಸೋಲಾರಿನವರಲ್ಲ.

ಪ್ರಶ್ನೆ: ನಮ್ಮ ಹಳ್ಳಿಯ ಆರೋಗ್ಯ ಕೇಂದ್ರದ ಲಸಿಕೆ ಫ್ರಿಜ್‌ಗೂ ಇದೇ ಲೆಕ್ಕವೇ?

ಅಲ್ಲ, ಅದು ಸುಲಭ. ಲಸಿಕೆ ಇಡುವ ಐಎಲ್‌ಆರ್ (ಐಸ್ ಲೈನ್ಡ್ ರೆಫ್ರಿಜರೇಟರ್) ಪೆಟ್ಟಿಗೆಯ ಗೋಡೆಯೊಳಗೇ ಐಸ್ ಇರುತ್ತದೆ. ದಿನಕ್ಕೆ ಒಟ್ಟು 8 ಗಂಟೆ ಕರೆಂಟು ಸಿಕ್ಕರೆ 2ರಿಂದ 8 ಡಿಗ್ರಿ ಕಾಯ್ದುಕೊಳ್ಳುವಂತೆ ಅದನ್ನು ಮಾಡಿರುತ್ತಾರೆ. ಕೋವಿಶೀಲ್ಡ್, ಕೋವ್ಯಾಕ್ಸಿನ್ ಎರಡಕ್ಕೂ ಬೇಕಾಗಿದ್ದದ್ದು ಅದೇ ತಂಪು. ಬ್ಯಾಟರಿಯೇ ಇಲ್ಲದೆ ಪ್ಯಾನೆಲ್‌ನಿಂದ ನೇರ ನಡೆಯುವ ಲಸಿಕೆ ಫ್ರಿಜ್‌ಗಳೂ ಇವೆ. ಪದೇ ಪದೇ ಕರೆಂಟು ಹೋಗುವ ಊರಿಗೆ ಅವೇ ಲೇಸು.

ಪ್ರಶ್ನೆ: ರಸ್ತೆ ಸೀಲ್‌ಡೌನ್ ಆಗಿದೆ, ಸೈಟ್ ನೋಡಲು ಯಾರೂ ಬರುವ ಹಾಗಿಲ್ಲ. ನಾವೇ ಅಳತೆ ಕೊಡಬಹುದೇ?

ಧಾರಾಳವಾಗಿ. ಸ್ವಲ್ಪ ಗಮನವಿಟ್ಟು ಮಾಡಿದರೆ ಅವಸರದಲ್ಲಿ ಬಂದು ಹೋಗುವವರಿಗಿಂತ ನಿಮ್ಮ ಅಳತೆಯೇ ಚೆನ್ನಾಗಿರುತ್ತದೆ. ಮನೆಯವರಿಗೆ ದಿನವಿಡೀ ನೆರಳು ನೋಡಲು ಸಮಯವಿರುತ್ತದಲ್ಲ.

ತಾರಸಿಯ ಉದ್ದ, ಅಗಲ, ಪ್ಯಾರಾಪೆಟ್ ಎತ್ತರ, ನೀರಿನ ಟ್ಯಾಂಕು ಮತ್ತು ಮೆಟ್ಟಿಲ ಕೋಣೆಯ ಎತ್ತರ, ಅವು ಯಾವ ಮೂಲೆಯಲ್ಲಿವೆ ಎಂಬುದನ್ನು ಟೇಪು ಹಿಡಿದು ಬರೆದುಕೊಳ್ಳಿ. ದಿಕ್ಕಿಗೆ ಫೋನಿನ ಕಂಪಾಸ್ ನಂಬಬೇಡಿ. ಸ್ಲ್ಯಾಬಿನ ಕಂಬಿ, ಕಬ್ಬಿಣದ ಏಣಿ ಅದನ್ನು ಎಳೆದಾಡುತ್ತವೆ. ಗಾರೆಯವರ ತೂಕದ ಗುಂಡನ್ನು, ಇಲ್ಲವೇ ದಾರಕ್ಕೆ ಕಟ್ಟಿದ ಬೀಗವನ್ನು, ಒಂದು ಕೋಲಿನ ತುದಿಯಿಂದ ನೇತು ಹಾಕಿ. 12 ಗಂಟೆಯಿಂದ 12:45ರವರೆಗೆ ಐದೈದು ನಿಮಿಷಕ್ಕೆ ಆ ಕೋಲಿನ ತುದಿಯ ನೆರಳು ಬೀಳುವ ಜಾಗದಲ್ಲಿ ಸೀಮೆಸುಣ್ಣದ ಚುಕ್ಕೆ ಇಡುತ್ತ ಹೋಗಿ. ಗುಂಡಿನ ಬುಡದಿಂದ ಅತಿ ಹತ್ತಿರದ ಚುಕ್ಕೆಗೆ ಎಳೆದ ಗೆರೆಯೇ ಉತ್ತರ–ದಕ್ಷಿಣ. ಮೈಸೂರಿನಲ್ಲಿ ಸೂರ್ಯ ನಡುನೆತ್ತಿಗೆ ಬರುವುದು ಸರಿಯಾಗಿ 12ಕ್ಕಲ್ಲ. ನವೆಂಬರ್ ಶುರುವಿನಲ್ಲಿ 12:07ರ ಸುಮಾರಿಗೆ, ಫೆಬ್ರವರಿ ನಡುವಿನಲ್ಲಿ 12:37ರ ಸುಮಾರಿಗೆ, ಉಳಿದ ದಿನ ಈ ಎರಡರ ನಡುವೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೇ ವಾರದವರೆಗೆ ಈ ವಿಧಾನದಲ್ಲಿ ಒಂದು ತೊಡಕಿದೆ. ಆಗ ಸೂರ್ಯ ನಮ್ಮ ತಲೆಯ ಉತ್ತರಕ್ಕೆ ದಾಟಿರುತ್ತಾನೆ, ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಗೆರೆ ಸರಿಯಿರುತ್ತದೆ, ತುದಿಗಳನ್ನು ಅದಲು ಬದಲು ಮಾಡಿಕೊಳ್ಳಬೇಡಿ.

ಇನ್ನು ನೆರಳು. ಬೇಸಿಗೆಯಲ್ಲಿ ನೆರಳಿಲ್ಲದ ಜಾಗಕ್ಕೆ ಡಿಸೆಂಬರಿನಲ್ಲಿ ನೆರಳು ಬರುತ್ತದೆ. ಡಿಸೆಂಬರ್ 21ರ ಮಧ್ಯಾಹ್ನ ನಮ್ಮಲ್ಲಿ ಸೂರ್ಯ 54 ಡಿಗ್ರಿ ಎತ್ತರದಲ್ಲಿರುತ್ತಾನೆ. 10 ಅಡಿ ಎತ್ತರದ ಟ್ಯಾಂಕಿನ ನೆರಳು ಉತ್ತರಕ್ಕೆ 7 ಅಡಿ ಚಾಚುತ್ತದೆ. ಅಂದೇ ಬೆಳಿಗ್ಗೆ ಒಂಬತ್ತು ದಾಟಿದ ಹೊತ್ತಿಗೆ 15 ಅಡಿ, ವಾಯವ್ಯದ ಕಡೆಗೆ. ಹಾಗಾಗಿ ಟ್ಯಾಂಕಿನ ಉತ್ತರಕ್ಕೆ ಪ್ಯಾನೆಲ್ ಇಡುವುದಾದರೆ ಟ್ಯಾಂಕಿನ ಎತ್ತರದ ಒಂದೂವರೆ ಪಟ್ಟು ಬಿಟ್ಟು ಇಡಿ, ದಕ್ಷಿಣಕ್ಕಾದರೆ ಅಷ್ಟು ಅಂತರ ಬೇಕಿಲ್ಲ. ಮಂಡ್ಯದ ಕಡೆ ತೆಂಗಿನ ಮರವೇ ದೊಡ್ಡ ತಲೆನೋವು. ಒಂದು ಗರಿಯ ನೆರಳು ಒಂದು ಪ್ಯಾನೆಲ್ ಮೇಲೆ ಬಿದ್ದರೆ ಅದೇ ಸಾಲಿನಲ್ಲಿರುವ ಉಳಿದವುಗಳ ಕರೆಂಟೂ ಕುಗ್ಗುತ್ತದೆ. ಬೆಳಿಗ್ಗೆ 9, ಮಧ್ಯಾಹ್ನ 12:30, ಸಂಜೆ 4ಕ್ಕೆ ಒಂದೇ ಜಾಗದಲ್ಲಿ ನಿಂತು ಸುತ್ತ ವಿಡಿಯೋ ಮಾಡಿ ಕಳಿಸಿ. ಮೀಟರ್ ಬೋರ್ಡು, ಎಂಸಿಬಿ ಪೆಟ್ಟಿಗೆ, ಅರ್ತಿಂಗ್ ಗುಂಡಿಗಳ ಫೋಟೋವೂ ಬೇಕು. ಎಂಸಿಬಿ ಪೆಟ್ಟಿಗೆಯ ಮುಚ್ಚಳ ಬಿಚ್ಚುವುದು ಮಾತ್ರ ಬೇಡ, ಹೊರಗಿನಿಂದ ತೆಗೆದರೆ ಸಾಕು.

ಪ್ರಶ್ನೆ: 3 ಕಿಲೋವ್ಯಾಟಿಗೆ ಏನೇನು ಬರಬೇಕು? ಕೊಟೇಶನ್ನಿನಲ್ಲಿ ಬರೀ “3 ಕಿ.ವ್ಯಾ. ಸಿಸ್ಟಮ್” ಎಂದಿದೆ.

ಅಂಥ ಕೊಟೇಶನ್ ವಾಪಸ್ ಕಳಿಸಿ. 335 ವ್ಯಾಟಿನವಾದರೆ 9 ಪ್ಯಾನೆಲ್, 540 ವ್ಯಾಟಿನವಾದರೆ 6. ಹಳೆಯ 335ರದ್ದು ಒಂದೊಂದು ಸುಮಾರು 2 ಮೀಟರ್ ಉದ್ದ, 1 ಮೀಟರ್ ಅಗಲ, 22 ಕೆ.ಜಿ. ಓಡಾಡುವ ದಾರಿ ಸೇರಿ 300 ಚದರಡಿ ಇಟ್ಟುಕೊಳ್ಳಿ. ದಕ್ಷಿಣಕ್ಕೆ ಮುಖ, 10ರಿಂದ 15 ಡಿಗ್ರಿ ಇಳಿಜಾರು. ನಮ್ಮ ಅಕ್ಷಾಂಶ 12 ಚಿಲ್ಲರೆ, ಮಳೆನೀರು ಧೂಳು ತೊಳೆದು ಹರಿಯಲೂ ಅಷ್ಟು ಇಳಿಜಾರು ಬೇಕು.

ಉಳಿದದ್ದು: ಹಾಟ್ ಡಿಪ್ ಗ್ಯಾಲ್ವನೈಸ್ ಮಾಡಿದ (ಕಾದ ಸತುವಿನಲ್ಲಿ ಅದ್ದಿ ತೆಗೆದ) ಸ್ಟ್ಯಾಂಡು, 3 ಕಿಲೋವ್ಯಾಟ್ ಸಿಂಗಲ್ ಫೇಸ್ ಇನ್ವರ್ಟರ್, 4 ಚದರ ಮಿ.ಮೀ. ಸೋಲಾರ್ ಡಿಸಿ ಕೇಬಲ್ ಕೆಂಪು ಕಪ್ಪು ಎರಡೂ, ಡಿಸಿ ಪೆಟ್ಟಿಗೆ ಮತ್ತು ಎಸಿ ಪೆಟ್ಟಿಗೆ (ಎರಡರಲ್ಲೂ ವೋಲ್ಟೇಜ್ ದಿಢೀರನೆ ಏರಿದರೆ ತಡೆಯುವ ಸರ್ಜ್ ಪ್ರೊಟೆಕ್ಟರ್), ಮಿಂಚು ತಡೆ, ಮೂರು ಬೇರೆ ಬೇರೆ ಅರ್ತಿಂಗ್. ಒಂದು ಸ್ಟ್ಯಾಂಡು–ಡಿಸಿಗೆ, ಒಂದು ಎಸಿಗೆ, ಒಂದು ಮಿಂಚಿಗೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಹಣ ಉಳಿಸಲು ಮೂರನ್ನೂ ಒಂದೇ ಗುಂಡಿಗೆ ಕಟ್ಟಿದರೆ ಸಿಡಿಲು ಬಡಿದಾಗ ಇನ್ವರ್ಟರ್ ಸುಟ್ಟು ಹೋಗಬಹುದು.

ಕಣ್ಣಿಗೆ ಕಾಣದ ಒಂದು ದೋಷ ಪ್ಯಾನೆಲ್ಲಿನ ಕೇಬಲ್ ಜೋಡಿಸುವ ಎಂಸಿ4 ಕನೆಕ್ಟರಿನದು. ಸಾಮಾನು ಸಿಗದ ಕಾಲದಲ್ಲಿ ಒಂದು ಕಂಪನಿಯ ಗಂಡು ತುದಿಗೆ ಇನ್ನೊಂದು ಕಂಪನಿಯ ಹೆಣ್ಣು ತುದಿ ಸಿಕ್ಕಿಸಿ ಕೆಲಸ ಮುಗಿಸುತ್ತಾರೆ. ಟಕ್ ಎಂದು ಕೂರುತ್ತದೆ, ನೋಡಲು ಸರಿಯಾಗಿಯೇ ಇರುತ್ತದೆ. ಒಳಗೆ ಲೋಹ ಪೂರ್ತಿ ತಾಗಿರುವುದಿಲ್ಲ. ಬಿಸಿಯಾಗಿ, ಪ್ಲಾಸ್ಟಿಕ್ ಕಂದಾಗಿ, ಕೊನೆಗೆ ಕರಗಬಹುದು. ಎರಡೂ ತುದಿಯ ಮೇಲಿನ ಹೆಸರು ಒಂದೇ ಇದೆಯೇ ಎಂದು ಓದಿ ನೋಡಿ. ಜೊತೆಗೆ ಎರಡು ಜೊತೆ ಕನೆಕ್ಟರ್, ಎರಡು ಡಿಸಿ ಫ್ಯೂಸ್, ಒಂದು ಸರ್ಜ್ ಕಾರ್ಟ್ರಿಜ್ ಹೆಚ್ಚಿಗೆ ತರಿಸಿ ಮನೆಯಲ್ಲೇ ಇಟ್ಟಿರಿ. ಅಂಗಡಿ ಮುಚ್ಚಿದಾಗ ಇಷ್ಟು ಸಣ್ಣ ಸಾಮಾನಿಗೇ ಇಡೀ ಸಿಸ್ಟಮ್ ವಾರಗಟ್ಟಲೆ ಸುಮ್ಮನೆ ಬಿದ್ದಿರುತ್ತದೆ.

ಪ್ರಶ್ನೆ: ಸಾಮಾನು ಏಕೆ ಅಷ್ಟು ತಡವಾಗುತ್ತದೆ? ಬೆಲೆ ಏಕೆ ಏರುತ್ತದೆ?

2020ರ ಶುರುವಿನಲ್ಲಿ ಚೀನಾದ ಕಾರ್ಖಾನೆಗಳು ಮುಚ್ಚಿದವು. ಆಗ ನಮ್ಮ ದೇಶಕ್ಕೆ ಬರುತ್ತಿದ್ದ ಪ್ಯಾನೆಲ್‌ಗಳಲ್ಲಿ ಬಹುಪಾಲು ಅಲ್ಲಿಯವೇ. ಅವು ತೆರೆಯುವ ಹೊತ್ತಿಗೆ ನಮ್ಮ ಲಾಕ್‌ಡೌನ್ ಶುರುವಾಯಿತು. 2021ರಲ್ಲಿ ಪ್ಯಾನೆಲ್‌ನ ಕಚ್ಚಾವಸ್ತುವಾದ ಪಾಲಿಸಿಲಿಕಾನ್ ದರ ಏರಿತು. ಅದೇ ವರ್ಷ ಅಕ್ಟೋಬರ್ 1ರಿಂದ ಸೋಲಾರ್ ಉಪಕರಣಗಳ ಜಿಎಸ್‌ಟಿ 5ರಿಂದ 12 ಶೇಕಡಾ ಆಯಿತು. 2022ರ ಏಪ್ರಿಲ್ 1ರಿಂದ ಹೊರದೇಶದ ಪ್ಯಾನೆಲ್‌ಗೆ 40, ಅದರೊಳಗಿನ ಸೆಲ್‌ಗೆ 25 ಶೇಕಡಾ ಆಮದು ಸುಂಕ ಬಿತ್ತು.

ಆದ್ದರಿಂದ ಒಪ್ಪಂದದಲ್ಲಿ ಮೂರು ಮಾತು ಬರೆಸಿ: ದರ ಎಷ್ಟು ದಿನದವರೆಗೆ, ತೆರಿಗೆ ಬದಲಾದರೆ ಹೊರೆ ಯಾರದು, ಸರ್ಕಾರ ಓಡಾಟ ನಿಲ್ಲಿಸಿದರೆ ಗಡುವು ಎಷ್ಟು ಮುಂದಕ್ಕೆ. ಮೂರನೆಯದಕ್ಕೆ ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯವೇ ಮಾದರಿ. ದೊಡ್ಡ ಯೋಜನೆಗಳಿಗೆ ಅದು 2020ರ ಮಾರ್ಚ್ 25ರಿಂದ ಆಗಸ್ಟ್ 24ರವರೆಗಿನ ಐದು ತಿಂಗಳನ್ನು, ಎರಡನೇ ಅಲೆಯಲ್ಲಿ 2021ರ ಏಪ್ರಿಲ್ 1ರಿಂದ ಜೂನ್ 15ರವರೆಗಿನ ದಿನಗಳನ್ನು ಗಡುವಿನ ಲೆಕ್ಕದಿಂದ ಬಿಟ್ಟಿತು. ನಿಮ್ಮ ಒಪ್ಪಂದದಲ್ಲೂ ಹಾಗೇ, ನಿರ್ಬಂಧ ಇದ್ದಷ್ಟು ದಿನ ಮಾತ್ರ ಎಂದು ದಿನ ಲೆಕ್ಕ ಹಾಕಿ ಬರೆಯಿರಿ. “ಪರಿಸ್ಥಿತಿ ಸುಧಾರಿಸಿದ ಮೇಲೆ” ಎಂಬ ಮಾತಿಗೆ ತಳವಿಲ್ಲ.

ಪ್ರಶ್ನೆ: ಚೆಸ್ಕ್ (ನಮ್ಮ ಭಾಗಕ್ಕೆ ಕರೆಂಟು ಕೊಡುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ) ಕಡೆಯ ಕೆಲಸ ಯಾವ ಕ್ರಮದಲ್ಲಿ?

ಅರ್ಜಿ, ಆ ಟ್ರಾನ್ಸ್‌ಫಾರ್ಮರ್ ಇಷ್ಟು ತಾಳುತ್ತದೆಯೇ ಎಂಬ ಪರಿಶೀಲನೆ (2024ಕ್ಕೆ ಮೊದಲು ಮನೆಯ ಸಣ್ಣ ಸೋಲಾರಿಗೂ ಇದು ಇತ್ತು), 25 ವರ್ಷದ ಒಪ್ಪಂದ, ಕೆಲಸ, ತಪಾಸಣೆ, ಎರಡೂ ಕಡೆ ಓದುವ ಮೀಟರ್, ಆಮೇಲೆ ಚಾಲನೆ. ಅರ್ಜಿಗೆ ಮುಂಚೆ ಎರಡು ಸಂಗತಿ ನೋಡಿಕೊಳ್ಳಿ. ಮೀಟರ್ ಯಾರ ಹೆಸರಿನಲ್ಲಿದೆ? ತೀರಿಕೊಂಡ ತಂದೆಯ ಹೆಸರಿನಲ್ಲೇ ಉಳಿದಿದ್ದರೆ ಅದನ್ನು ಬದಲಾಯಿಸಿಕೊಳ್ಳುವುದೇ ಒಂದು ಪ್ರತ್ಯೇಕ ಓಡಾಟ. ಮಂಜೂರಾದ ಲೋಡ್ ಎಷ್ಟು? 2024ಕ್ಕೆ ಮೊದಲು 2 ಕಿಲೋವ್ಯಾಟ್ ಮಂಜೂರಾತಿ ಇಟ್ಟುಕೊಂಡು 3ಕ್ಕೆ ಅರ್ಜಿ ಹಾಕಿದರೆ ಲೋಡ್ ಹೆಚ್ಚಿಸಿಕೊಂಡು ಬನ್ನಿ ಎನ್ನುತ್ತಿದ್ದರು. ಮೀಟರ್ ಬರುವುದಕ್ಕೆ ಮೊದಲೇ ಸೋಲಾರ್ ಚಾಲೂ ಮಾಡುವುದು ತಪ್ಪು. ಅದರ ಮೇಲೆ, ಕೆಲವು ಡಿಜಿಟಲ್ ಮೀಟರುಗಳು ನೀವು ಹೊರಗೆ ಕಳಿಸಿದ ಯೂನಿಟ್ಟನ್ನೂ ಬಳಸಿದ್ದೆಂದೇ ಎಣಿಸಿ ಬಿಲ್ ಏರಿಸುತ್ತವೆ.

ಸಬ್ಸಿಡಿ ಈಗ ಪಿಎಂ ಸೂರ್ಯಘರ್ ಯೋಜನೆಯಲ್ಲಿದೆ, 2024ರ ಫೆಬ್ರವರಿಯಿಂದ. ಮನೆಗಳಿಗೆ 2 ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟಿಗೆ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು 78,000ಕ್ಕೆ ಮಿತಿ. ಸೆಲ್ಲೂ ಪ್ಯಾನೆಲ್ಲೂ ದೇಶದಲ್ಲೇ ತಯಾರಾಗಿರಬೇಕು.

ಪ್ರಶ್ನೆ: ಗೃಹಜ್ಯೋತಿಯಲ್ಲಿ ನಮ್ಮ ಬಿಲ್ ಸೊನ್ನೆ. ನಮಗೂ ಸೋಲಾರ್ ಬೇಕೇ?

ಬಿಲ್ ಉಳಿಸಲಿಕ್ಕೆ ಬೇಡ. ಕರೆಂಟು ಹೋದಾಗ ನಿಲ್ಲಬಾರದ್ದೇನಾದರೂ ಇದ್ದರೆ ಬ್ಯಾಟರಿ ಇಟ್ಟುಕೊಳ್ಳಿ. ಗೀಸರಿನಿಂದಾಗಿ 200 ಯೂನಿಟ್ ದಾಟುತ್ತಿದ್ದರೆ ಮಾತ್ರ ಸೋಲಾರ್ ಬಿಸಿನೀರು ಹಾಕಿಸಿ, ಮಿತಿಯೊಳಗೆ ಬರುತ್ತೀರಿ.

ಪ್ರಶ್ನೆ: ಬಿಸಿನೀರಿಗೆ ಎಷ್ಟು ಲೀಟರಿನದು? ಗಾಜಿನ ಕೊಳವೆಯದೋ, ತಾಮ್ರದ ಪ್ಲೇಟಿನದೋ?

ತಲೆಗೆ 25 ಲೀಟರ್ ಹಿಡಿಯಿರಿ. ನಾಲ್ಕು ಜನಕ್ಕೆ ನೂರು ಸಾಕು ಎಂಬುದು ಹಳೆಯ ಲೆಕ್ಕ. ಹೊರಗಿನಿಂದ ಬಂದವರೆಲ್ಲ ಸಂಜೆಯೂ ಸ್ನಾನ ಮಾಡುವ ಕಾಲಕ್ಕೆ, ಪಾತ್ರೆಗೂ ಬಿಸಿನೀರು ಬಳಸುವುದಾದರೆ, 200 ಲೀಟರಿನದು ಹಾಕಿಸಿ. ಡಿಸೆಂಬರ್, ಜನವರಿಯ ಚಳಿಗೂ ಅದು ಆಗಿ ಬರುತ್ತದೆ. ಆಷಾಢದ ಮೋಡಕ್ಕೆ 2 ಕಿಲೋವ್ಯಾಟ್ ಬ್ಯಾಕಪ್ ಕಾಯಿಲ್ ಇರಲಿ.

ಯಾವ ಬಗೆ ಎಂಬುದನ್ನು ನೀರು ತೀರ್ಮಾನಿಸುತ್ತದೆ. ಮೈಸೂರಿನ ಬಡಾವಣೆಗಳಲ್ಲಿ ಕಾವೇರಿ ಅಥವಾ ಕಬಿನಿ ನೀರು ಮಾತ್ರ ಬಳಸುವ ಮನೆಗೆ ತಾಮ್ರದ ಪ್ಲೇಟಿನದು ಇಪ್ಪತ್ತು ವರ್ಷ ಬರುತ್ತದೆ. ನಾಗಮಂಗಲ, ಮಳವಳ್ಳಿ, ಮದ್ದೂರು ಕಡೆಯ ಗಡಸು ಬೋರ್ ನೀರಾದರೆ ಅದರ ಬೆರಳು ಗಾತ್ರದ ತಾಮ್ರದ ಕೊಳವೆಗಳಲ್ಲಿ ಸುಣ್ಣ ಕಟ್ಟಿ, ಎರಡು ಮೂರು ವರ್ಷದಲ್ಲಿ ನೀರು ಉಗುರು ಬೆಚ್ಚಗೆ ಬರತೊಡಗುತ್ತದೆ. ಅಲ್ಲಿ ಗಾಜಿನ ಕೊಳವೆಯದೇ ಸರಿ. ಕೊಳವೆ ಅಗಲ, ಬಿಚ್ಚಿ ತೊಳೆಯಬಹುದು. ಚಾಮುಂಡಿ ಬೆಟ್ಟದ ತಪ್ಪಲಿನ ಹಾಗೆ ಕೋತಿ ಕಾಟ ಇರುವ ಕಡೆ ಮೇಲೊಂದು ತಂತಿ ಬಲೆ ಬೇಕೇ ಬೇಕು.

ತಣ್ಣೀರಿನ ಟ್ಯಾಂಕಿನ ತಳ ಬಿಸಿನೀರಿನ ಟ್ಯಾಂಕಿನ ನೆತ್ತಿಗಿಂತ ಕನಿಷ್ಠ ಒಂದಡಿ ಮೇಲಿರಬೇಕು, ಗಾಳಿ ಕೊಳವೆ ತಣ್ಣೀರಿನ ಟ್ಯಾಂಕಿಗಿಂತ ಎತ್ತರಕ್ಕೆ ಹೋಗಬೇಕು. ಟ್ಯಾಂಕಿನಲ್ಲಿ ಬಿಸಿನೀರು ಇದ್ದೂ ನಲ್ಲಿಗೆ ಬಾರದಿದ್ದರೆ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿದೆ ಎಂದರ್ಥ. ಬಚ್ಚಲಿನ ತಣ್ಣೀರು ನಲ್ಲಿಗೂ ಬಿಸಿನೀರು ನಲ್ಲಿಗೂ ಒಂದು ಹೋಸ್ ಪೈಪ್ ಸಿಕ್ಕಿಸಿ ಎರಡನ್ನೂ ಒಂದು ನಿಮಿಷ ತೆರೆಯಿರಿ. ತಣ್ಣೀರಿನ ಒತ್ತಡ ಹೆಚ್ಚಿದ್ದರೆ ಗಾಳಿ ಹಿಂದಕ್ಕೆ ಓಡುತ್ತದೆ. ಇದಕ್ಕೆ ಪ್ಲಂಬರ್ ಬೇಕಿಲ್ಲ.

ಪ್ರಶ್ನೆ: ತಿಂಗಳುಗಟ್ಟಲೆ ಮುಚ್ಚಿದ್ದ ಹಾಸ್ಟೆಲ್, ಲಾಡ್ಜ್ ಮತ್ತೆ ತೆರೆಯುತ್ತಿದ್ದೇವೆ. ಸೋಲಾರ್ ಬಿಸಿನೀರನ್ನು ಹಾಗೇ ಚಾಲೂ ಮಾಡಬಹುದೇ?

ಖಂಡಿತ ಬೇಡ. ಎರಡು ಅಪಾಯವಿದೆ. ಮೊದಲನೆಯದು ಒಡೆಯುವುದು. ನೀರಿಲ್ಲದ ಗಾಜಿನ ಕೊಳವೆ ಬಿಸಿಲಿನಲ್ಲಿ 200 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಬಂದು ವಾಲ್ವ್ ತಿರುಗಿಸಿದರೆ ತಣ್ಣೀರು ಬಿದ್ದ ಕೂಡಲೇ ಫಟ್ ಫಟ್ ಎಂದು ಸಾಲಾಗಿ ಸಿಡಿಯುತ್ತವೆ. ಎರಡನೆಯದು ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ. ನಿಂತ ಉಗುರುಬೆಚ್ಚಗಿನ ನೀರಿನಲ್ಲಿ ಬೆಳೆಯುತ್ತದೆ, ಶವರಿನ ತುಂತುರಿನ ಜೊತೆ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ತರುತ್ತದೆ. ಒಂದು ಶ್ವಾಸದ ರೋಗ ಹರಡಿರುವಾಗ ಇದನ್ನು ಅದೇ ಎಂದು ತಪ್ಪು ತಿಳಿಯುವ ಸಾಧ್ಯತೆಯೂ ಇದೆ.

ಕ್ರಮ ಹೀಗೆ. ಹಿಂದಿನ ಸಂಜೆ ಕೊಳವೆಗಳ ಮೇಲೆ ಟಾರ್ಪಾಲ್ ಅಥವಾ ಗೋಣಿತಾಟು ಹೊದಿಸಿ. ಮರುದಿನ ಬೆಳಕು ಹರಿಯುವ ಮೊದಲು, ಕೊಳವೆ ತಣ್ಣಗಿರುವಾಗ, ಟ್ಯಾಂಕಿನಲ್ಲಿ ಉಳಿದ ಹಳೆಯ ನೀರು ಪೂರ್ತಿ ಬಿಟ್ಟು ಹೊಸ ನೀರು ತುಂಬಿ. ತುಂಬುವ ಮುಂಚೆಯೇ ಮೆಗ್ನೀಸಿಯಂ ಆನೋಡ್ ಸಲಾಕೆ (ತಾನು ಸವೆದು ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಡೆಯುವುದು) ಬಿಚ್ಚಿ ನೋಡಿ, ಸವೆದು ತಂತಿಯಷ್ಟೇ ಉಳಿದಿದ್ದರೆ ಬದಲಾಯಿಸಿ. ಕೊಳವೆಯ ಬಾಯಿಯ ರಬ್ಬರ್ ರಿಂಗು ಒಣಗಿ ಸೋರುತ್ತಿರುತ್ತದೆ, ಸೋರಿದಲ್ಲಿ ಹೊಸದು ಹಾಕಿ. ಟ್ಯಾಂಕು ತುಂಬಿ ನಲ್ಲಿಯಲ್ಲಿ ನೀರು ಬಂದದ್ದನ್ನು ಕಂಡ ಮೇಲೆಯೇ ಹೊದಿಕೆ ತೆಗೆದು ಬ್ಯಾಕಪ್ ಕಾಯಿಲ್ ಹಾಕಿ, ಒಣ ಟ್ಯಾಂಕಿನಲ್ಲಿ ಹಾಕಿದರೆ ನಿಮಿಷಗಳಲ್ಲಿ ಸುಡುತ್ತದೆ. ನೀರು 60 ಡಿಗ್ರಿ ದಾಟಲಿ, ಮುಟ್ಟಿ ಅಂದಾಜು ಮಾಡಬೇಡಿ, ಥರ್ಮಾಮೀಟರ್ ಇಡಿ. ಆಮೇಲೆ ಶವರ್ ತಲೆಗಳನ್ನು ಕಳಚಿ, ಕಿಟಕಿ ತೆರೆದು, ದೂರದ ಕೋಣೆಯಿಂದ ಶುರು ಮಾಡಿ ಒಂದೊಂದು ನಲ್ಲಿಯಲ್ಲೂ ಬಿಸಿನೀರು ಬಂದ ಮೇಲೆ ಐದು ನಿಮಿಷ ಹರಿಯಬಿಡಿ. ಮಕ್ಕಳು, ವಯಸ್ಸಾದವರು ಇದ್ದರೆ ಅಂದು ನಲ್ಲಿ ಮುಟ್ಟದಂತೆ ಹೇಳಿ, 60 ಡಿಗ್ರಿಯ ನೀರು ಕೆಲವೇ ಸೆಕೆಂಡಿನಲ್ಲಿ ಸುಡುತ್ತದೆ.

ಪ್ರಶ್ನೆ: ಕಲ್ಯಾಣ ಮಂಟಪವನ್ನು 50 ಹಾಸಿಗೆಯ ಆರೈಕೆ ಕೇಂದ್ರ ಮಾಡಿದ್ದಾರೆ. ಬಿಸಿನೀರು ಹೇಗೆ?

ಸ್ನಾನಕ್ಕೆ 1,250 ಲೀಟರ್, ಅಡುಗೆ–ಪಾತ್ರೆ ಸೇರಿ 1,500 ಎನ್ನಿ. ದಿನಕ್ಕೆ 61 ಯೂನಿಟ್ ಶಾಖ. ಗೀಸರಿನಲ್ಲಾದರೆ ಅಷ್ಟೂ ಬಿಲ್ಲಿಗೆ, ಹೀಟ್ ಪಂಪಿನಲ್ಲಾದರೆ (ಗಾಳಿಯ ಶಾಖವನ್ನು ಎಳೆದು ನೀರಿಗೆ ಕೊಡುವ ಯಂತ್ರ) ಸುಮಾರು 20 ಯೂನಿಟ್. 500 ಲೀಟರಿನ ಮೂರು ಸೋಲಾರ್ ಹೀಟರಿನಲ್ಲಾದರೆ ಬಿಸಿಲಿನ ದಿನ ಸೊನ್ನೆ. ಕೆಲವೇ ತಿಂಗಳ ಕೇಂದ್ರಕ್ಕಾದರೆ ಹೀಟ್ ಪಂಪ್ ತನ್ನಿ. ಅದು ಮಳೆಯಲ್ಲೂ ರಾತ್ರಿಯೂ ನಡೆಯುತ್ತದೆ, ನೆಲದ ಮೇಲೇ ಕೂರುತ್ತದೆ, ಆಮೇಲೆ ಬೇರೆಡೆಗೆ ಸಾಗಿಸಬಹುದು. ಸೋಲಾರ್ ಇಡುವುದಾದರೆ 500 ಲೀಟರ್ ಎಂದರೆ ನೀರೇ ಅರ್ಧ ಟನ್. ಸ್ಲ್ಯಾಬಿನ ನಡುವೆ ಬೇಡ, ಬೀಮಿನ ಮೇಲೆ ಇಡಿ. ಹಾಸಿಗೆ ಬಟ್ಟೆ ಒಗೆಯಲು 60ರಿಂದ 70 ಡಿಗ್ರಿಯ ನೀರು ಬೇಕು, ಅದಕ್ಕೆ ಮೂರರಲ್ಲಿ ಒಂದನ್ನು ಬೇರೆ ಪೈಪಿಗೆ ಕಟ್ಟಿಬಿಡಿ.

ಪ್ರಶ್ನೆ: ಬೀದಿಗೆ ಬ್ಲೀಚಿಂಗ್ ದ್ರಾವಣ ಹೊಡೆಯುವಾಗ ತಾರಸಿಗೂ ಹೊಡೆಸಲೇ?

ಬೇಡ. ಹೈಪೋಕ್ಲೋರೈಟ್ ಅಲ್ಯೂಮಿನಿಯಂ ಚೌಕಟ್ಟನ್ನೂ ಸ್ಟ್ಯಾಂಡಿನ ಸತುವನ್ನೂ ತಿನ್ನುತ್ತದೆ. ಬಿದ್ದಿದ್ದರೆ ಅಂದೇ ಸಂಜೆ ಬರೀ ನೀರಿನಲ್ಲಿ ತೊಳೆಯಿರಿ. ಸ್ಯಾನಿಟೈಸರ್ ಹಚ್ಚಿದ ಒದ್ದೆ ಕೈಯಲ್ಲಿ ಎಂಸಿಬಿ ಮುಟ್ಟಬೇಡಿ, ಪೆಟ್ಟಿಗೆಗೆ ಅದನ್ನು ಸಿಂಪಡಿಸಲೂಬೇಡಿ. ಅದರಲ್ಲಿ ಮುಕ್ಕಾಲು ಪಾಲು ಆಲ್ಕೋಹಾಲ್, ಒಂದು ಕಿಡಿ ಸಾಕು. ಕೆಲಸದವರಿಗೆ ಸೋಪು ನೀರು ಇಡಿ.

ಪ್ರಶ್ನೆ: ಮಧ್ಯಾಹ್ನವಾದರೆ ಇನ್ವರ್ಟರ್ ನಿಂತು ನಿಂತು ಶುರುವಾಗುತ್ತದೆ. ಯಾರೂ ಬರುವ ಸ್ಥಿತಿಯಲ್ಲಿಲ್ಲ.

ಪರದೆಯ ಮೇಲೆ ಬರುವ ಸಂಕೇತದ ಫೋಟೋ ತೆಗೆಯಿರಿ. ಹೆಚ್ಚು ವೋಲ್ಟೇಜ್ ಎಂದಿದ್ದರೆ ಇನ್ವರ್ಟರ್ ಕೆಟ್ಟಿಲ್ಲ. ಕಾರ್ಖಾನೆ, ಅಂಗಡಿ ಮುಚ್ಚಿ ಲೋಡ್ ಇಳಿದ ಫೀಡರಿನಲ್ಲಿ ವೋಲ್ಟೇಜ್ ಏರುತ್ತದೆ, ಮಿತಿ ದಾಟಿದರೆ ಇನ್ವರ್ಟರ್ ತನ್ನನ್ನು ತಾನೇ ಬಿಡಿಸಿಕೊಳ್ಳುತ್ತದೆ. ಆ ಹೊತ್ತಿಗೆ ಮೋಟಾರು, ವಾಷಿಂಗ್ ಮೆಷಿನ್ ಹಾಕಿ ನೋಡಿ. ಆಗಲೂ ಈ ಕಾಟ ತಪ್ಪದಿದ್ದರೆ ವೋಲ್ಟೇಜ್ ಮತ್ತು ಸಮಯ ಬರೆದು ಚೆಸ್ಕ್‌ಗೆ ದೂರು ಕೊಡಿ. ಇನ್ಸುಲೇಶನ್ ಅಥವಾ ಅರ್ತ್ ದೋಷ ಎಂದಿದ್ದರೆ ಮಾತ್ರ ಡಿಸಿ ಸ್ವಿಚ್ ಇಳಿಸಿ, ಕೇಬಲ್ ಮುಟ್ಟದೆ ಬಿಡಿ. ಒಂಬತ್ತು ಪ್ಯಾನೆಲ್ಲಿನ ಸಾಲಿನಲ್ಲಿ 400 ವೋಲ್ಟ್ ಡಿಸಿ ಇರುತ್ತದೆ. ಬಿಸಿಲಿರುವ ತನಕ ಅದನ್ನು ಆರಿಸಲು ಆಗುವುದಿಲ್ಲ.

ಪ್ರಶ್ನೆ: ಗ್ಯಾಸ್ ಸಿಲಿಂಡರ್ ತಡವಾದರೆ ಗೋಬರ್ ಗ್ಯಾಸ್ ಆದೀತೇ?

ಮೂರ್ನಾಲ್ಕು ದನ ಇದ್ದರೆ ಆದೀತು. 2 ಘನ ಮೀಟರಿನ ದೀನಬಂಧು ಮಾದರಿಯ ಗುಂಡಿಗೆ ದಿನಕ್ಕೆ 50 ಕೆ.ಜಿ. ಸಗಣಿ, ಅಷ್ಟೇ ನೀರು. ಐದು ಜನರ ಅಡುಗೆ ನಡೆಯುತ್ತದೆ. ಆದರೆ ಗುಂಡಿ ಕಟ್ಟಿ ಮೊದಲ ಸಲ ತುಂಬಿ ಉರಿ ಬರಲು ವಾರಗಳು ಬೇಕು, ಲಾಕ್‌ಡೌನ್ ಆದ ಮೇಲೆ ಯೋಚಿಸುವ ಕೆಲಸವಲ್ಲ. ಸ್ನಾನದ ನೀರಿಗೆ ಅದನ್ನು ಉರಿಸಬೇಡಿ. ತೋಟದವರಿಗೆ ಹಂಡೆ ಒಲೆ ಇದೆ, ಸೋಗೆ ಇದೆ.

ಪ್ರಶ್ನೆ: ಕೆಲಸ ಅರ್ಧವಾಗಿರುವಾಗ ಓಡಾಟ ನಿಲ್ಲಿಸಿದರು. ಸಾಮಾನನ್ನು ಹೇಗೆ ಬಿಡುವುದು?

ಸ್ಟ್ಯಾಂಡಿನ ಮೇಲೆ ಇಟ್ಟ ಪ್ಯಾನೆಲ್‌ಗೆ ನಾಲ್ಕೂ ಕ್ಲಾಂಪ್ ಬಿಗಿದಿರಲೇಬೇಕು. ಎರಡು ಬಿಗಿದು ನಾಳೆ ಮಾಡುತ್ತೇವೆ ಎಂದು ಹೋದವು ಮೇ ತಿಂಗಳ ಗಾಳಿಗೆ ಪಕ್ಕದ ಮನೆ ಸೇರುತ್ತವೆ. ಕ್ಲಾಂಪ್ ಇಲ್ಲದವನ್ನು ಇಳಿಸಿ, ಒಳಗೆ ಗೋಡೆಗೆ ಒರಗಿಸಿ ನೆಟ್ಟಗೆ ನಿಲ್ಲಿಸಿ. ಒಂದರ ಮೇಲೊಂದು ಮಲಗಿಸಿದರೆ ಒಳಗಿನ ಸೆಲ್ ಸೀಳುತ್ತದೆ, ಹೊರಗೆ ಕಾಣುವುದಿಲ್ಲ. ತೆರೆದ ಕೇಬಲ್ ತುದಿಗೆ ಎಂಸಿ4 ಮುಚ್ಚಳ ಹಾಕಿ, ಇಲ್ಲದಿದ್ದರೆ ಪ್ಲಾಸ್ಟಿಕ್ ಸುತ್ತಿ ತುದಿ ಕೆಳಮುಖವಾಗಿ ಕಟ್ಟಿ. ಇನ್ವರ್ಟರಿನ ಡಿಸಿ ಸ್ವಿಚ್ ಕೆಳಗೆ, ಎಸಿ ಎಂಸಿಬಿ ಕೆಳಗೆ, ಅದರ ಮೇಲೆ “ಕೆಲಸ ಮುಗಿದಿಲ್ಲ, ಹಾಕಬೇಡಿ” ಎಂಬ ಚೀಟಿ. ಬಿಸಿನೀರಿನ ಕೊಳವೆ ಕೂರಿಸಿ ಪೈಪ್ ಜೋಡಿಸಿಲ್ಲದಿದ್ದರೆ ಗೋಣಿತಾಟು ಹೊದಿಸಿ ಹಗ್ಗ ಕಟ್ಟಿ. ಲಿಥಿಯಂ ಬ್ಯಾಟರಿ ಬಂದಿದ್ದರೆ ಅರ್ಧ ಚಾರ್ಜಿನಲ್ಲಿ ನೆರಳಿನಲ್ಲಿಡಿ. ಟ್ಯೂಬುಲರ್ ಆದರೆ ಪೂರ್ತಿ ಚಾರ್ಜ್ ಮಾಡಿಡಿ, ಎರಡು ತಿಂಗಳಿಗೊಮ್ಮೆ ಮತ್ತೆ ಚಾರ್ಜ್ ಮಾಡಿ. ಕೊನೆಗೆ ಇಡೀ ತಾರಸಿಯ ವಿಡಿಯೋ ತೆಗೆದು ಅದೇ ದಿನ ಕೆಲಸದವರಿಗೆ ಕಳಿಸಿ. ಎಲ್ಲಿಗೆ ನಿಂತಿತ್ತು ಎಂಬ ಬಗ್ಗೆ ಆಮೇಲೆ ತಕರಾರು ಬರುವುದಿಲ್ಲ.